ಅಜ್ಜನ ಟ್ರ್ಯಾಕ್ಟರಿಗೆ ತಿರುಗುವ ಕುರ್ಚಿ

ನಮ್ಮೂರು ಅಗಡಿಯಲ್ಲಿ ಯಾರನ್ನೇ ಕೇಳಿ, ಕಥೆ ಒಂದೇ. ನಮ್ಮ ಅಜ್ಜ ತೀರಿಕೊಂಡು ವರ್ಷ ತುಂಬಿರಲಿಲ್ಲ, ಮೆಣಸಿನಕಾಯಿ ಬಿಡಿಸುವ ಕಾಲ ಬಂತು, ಮಣ್ಣೊಳಗಿದ್ದರೂ ಅವನ ಜೀವ ತಡೆಯಲಿಲ್ಲ. ತನ್ನ ಸಣ್ಣ ಟ್ರ್ಯಾಕ್ಟರನ್ನು ತಾನೇ ಚಾಲೂ ಮಾಡಿಕೊಂಡು ಮಂಜಿನೊಳಗಿಂದ ಎದ್ದು ಬಂದ. ಕೆಲಸ ಕದಿಯುವವರನ್ನು ಕುರ್ಚಿ ತಿರುಗಿಸಿ ತಿರುಗಿಸಿ ನೋಡಿದ.

ಈ ಕಥೆಯನ್ನು ನಾನು ಸಾರಾಸಗಟಾಗಿ ತಿರಸ್ಕರಿಸುತ್ತೇನೆ!

ನಾನು ಕಾಲೇಜಿನ ಚರ್ಚಾಕೂಟಗಳಲ್ಲಿ ಬಹುಮಾನ ಗೆದ್ದವಳು, ಈಗ ಹಾವೇರಿಯಲ್ಲಿ ಕಾನೂನು ಓದುತ್ತಿರುವವಳು. ಪುರಾವೆ ಇಲ್ಲದ ಮಾತನ್ನು ಒಪ್ಪುವುದು ನನ್ನ ಹೊಟ್ಟೆಗೆ ಆಗಿಬರುವುದಿಲ್ಲ. ಸ್ವಲ್ಪ ಯೋಚಿಸಿ. ಅಜ್ಜ ಬದುಕಿದ್ದಾಗ ಆ ಟ್ರ್ಯಾಕ್ಟರು ಒಂದು ಬೈಗುಳವನ್ನಾದರೂ ಕೇಳಿಸಿಕೊಳ್ಳದೆ ಚಾಲೂ ಆದದ್ದೇ ಇಲ್ಲ. ಆವತ್ತು ಯಾರೂ ಬೈದಿರಲಿಲ್ಲ. ಅಜ್ಜ ಡೀಸೆಲ್ಲನ್ನು ತುಪ್ಪದಂತೆ ಬಳಸುತ್ತಿದ್ದ. ಕೆಲಸವಿಲ್ಲದೆ ಹೊಲ ಸುತ್ತುವುದೆಂದರೇನು? ಎಲ್ಲಕ್ಕಿಂತ ದೊಡ್ಡದಾಗಿ, ನಾನು ಹಾಕಿಸಿದ ಕುರ್ಚಿಯ ಮೇಲೆ ಅವನು ಸತ್ತರೂ ಕೂರುತ್ತಿರಲಿಲ್ಲ.

ಹೌದು, ಕುರ್ಚಿ ಹಾಕಿದ್ದು ನಾನು. ಉಳಿದದ್ದನ್ನು ಮಾಡಿದ್ದೂ ನಾನೇ.

ಅಜ್ಜನ ಟ್ರ್ಯಾಕ್ಟರು ಮೆಣಸಿನ ಸಾಲುಗಳ ನಡುವೆ ನುಸುಳುವಂಥ ಗಿಡ್ಡ ಗಾಡಿ. ಅದರ ಸೀಟು ತಗಡಿನದು. ಒಂದು ಸಾಲು ಮುಗಿಸುವಷ್ಟರಲ್ಲಿ ಬೆನ್ನುಮೂಳೆ ತಲೆಗೆ ದೂರು ಕೊಡುತ್ತಿತ್ತು. ಇದು ಅಮಾನವೀಯ ಎಂದು ನಾನು ವಾದಿಸಿದೆ. ಅಜ್ಜ ಹೋದ ಮೇಲೆ ಹಾವೇರಿಯ ಗುಜರಿಯಿಂದ ಒಂದು ಆಫೀಸು ಕುರ್ಚಿ ತಂದೆ. ಯಾವನೋ ಸಾಹೇಬ ಕೂತು ಸವೆಸಿದ್ದು, ಎಲ್ಲ ದಿಕ್ಕಿಗೂ ತಿರುಗುವಂಥದು. ಅದರ ಗಾಲಿ ಬಿಚ್ಚಿ, ಕಂಬವನ್ನು ಟ್ರ್ಯಾಕ್ಟರಿಗೆ ಬೆಸುಗೆ ಹಾಕಿಸಿದೆ.

ಅಪ್ಪ ಮೊದಲ ಸಲ ಕೂತು ಇಳಿದ. ಅವನು ಇಳಿದ ಮೇಲೆ ಕುರ್ಚಿ ಮೆಲ್ಲಗೆ ಮೇಲೆದ್ದು 'ಹುಶ್ಶ್' ಎಂದು ಉಸಿರುಬಿಟ್ಟಿತು.

ಅಪ್ಪ ಹಿಂತಿರುಗಿ ನೋಡಿದ. "ಸವಿ, ಯಾರದು?"

"ಗಾಳಿ ಅಪ್ಪಾ. ಕಂಬದಾಗ ಗಾಳಿ ಇರ್ತೈತಿ."

"ನಮ್ಮಪ್ಪ ಹಿಂಗ ಉಸರು ಬಿಟ್ಟು ಏಳ್ತಿದ್ದ," ಎಂದು ಅಪ್ಪ ಗೊಣಗಿದ. ನಾನು ಅದನ್ನು ದಾಖಲೆಗೆ ತೆಗೆದುಕೊಳ್ಳಲಿಲ್ಲ.

ನನ್ನ ಎರಡನೆಯ ಸುಧಾರಣೆ ರಿಮೋಟು. ರಾಣೆಬೆನ್ನೂರಿನಲ್ಲಿ ಸ್ಕೂಟರಿಗೆ ಹಾಕುವ ರಿಮೋಟು ಸಿಕ್ಕಿತು. ಮೊಬೈಲಿನಲ್ಲಿ ವಿಡಿಯೋ ನೋಡಿ, ವೈರು ಸುತ್ತಿ, ಗುಂಡಿ ಒತ್ತಿದರೆ ಕೀಲಿಯ ಹಂಗಿಲ್ಲದೆ ಎಂಜಿನ್ ಚಾಲೂ ಆಗುವಂತೆ ಮಾಡಿದೆ. ಆದರೆ ಗೇರಿನಲ್ಲಿರುವಾಗ ಎಂಜಿನ್ ಚಾಲೂ ಆಗದಂತೆ ತಡೆಯುವ ಒಂದು ಪುಟ್ಟ ಸ್ವಿಚ್ಚು ಅಡ್ಡ ಬಂತು. ಅದು ಯಾಕೆ ಬೇಕು? ನಾವೇನು ಮೂರ್ಖರೇ? ಕಿತ್ತು ಬಿಸಾಡಿದೆ!

ಮೂರ್ಖರೇ ಎಂಬ ಪ್ರಶ್ನೆಗೆ ಉತ್ತರ ಬೇಗನೆ ಬಂತು.

ಆ ಮುಂಜಾನೆ ಹೊಲದಲ್ಲಿ ಮಂಜು ಹಾಲಿನಂತೆ ನಿಂತಿತ್ತು. ಪಕ್ಕದ ಸಾಲಿನವರ ಬಳೆ ಸದ್ದು ಕೇಳುತ್ತಿತ್ತು, ಬಳೆ ತೊಟ್ಟವರು ಕಾಣುತ್ತಿರಲಿಲ್ಲ. ಗಂಗವ್ವ ಮತ್ತು ಅವಳ ಗುಂಪಿನ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಾಯಿ ಬಿಡಿಸುತ್ತಿದ್ದರು. ಬ್ಯಾಡಗಿ ಕಾಯಿ ಗಿಡದಲ್ಲೇ ಸುಕ್ಕುಗಟ್ಟಿ ಒಣಗಬೇಕು, ತೊಟ್ಟು ಮುರಿಯದಂತೆ ಬಿಡಿಸಬೇಕು. ತೊಟ್ಟು ಮುರಿದ ಸದ್ದು ಕೇಳಿದರೆ ಅಜ್ಜ ಟ್ರ್ಯಾಕ್ಟರಿನ ಮೇಲಿಂದಲೇ ತಿರುಗಿ ನೋಡುತ್ತಿದ್ದ. ಬೈಯುತ್ತಿರಲಿಲ್ಲ. ಬರೀ ನೋಡುತ್ತಿದ್ದ. ಅದಕ್ಕಿಂತ ಬೈಗುಳವೇ ವಾಸಿ ಎನ್ನುತ್ತಿದ್ದರು.

ಹೊಲದ ಆ ತುದಿಯಲ್ಲಿ, ಬನ್ನಿಗಿಡದ ಕೆಳಗೆ ನಿಲ್ಲಿಸಿದ್ದ ಟ್ರ್ಯಾಕ್ಟರಿನ ಎಂಜಿನ್ ಚಾಲೂ ಆದ ಸದ್ದಾಯಿತು.

ಬಳೆಗಳ ಸದ್ದು ನಿಂತಿತು.

"ನಿಮ್ಮಪ್ಪ ಬಂದಾನೇನ?" ಗಂಗವ್ವ ಕೇಳಿದಳು.

"ಅಪ್ಪ ಬ್ಯಾಡಗಿ ಪ್ಯಾಟಿಗೆ ಹೋಗ್ಯಾನ," ಎಂದೆ. ಹೇಳುತ್ತಲೇ ಬನ್ನಿಗಿಡದ ಕಡೆ ತಿರುಗಿದೆ.

ಮಂಜಿನೊಳಗೆ ಮೊದಲು ಒಂದು ಹಳದಿ ಮಬ್ಬು ಕಂಡಿತು. ಆಮೇಲೆ ಮೂತಿ. ಆಮೇಲೆ ಖಾಲಿ ಕುರ್ಚಿ. ಟ್ರ್ಯಾಕ್ಟರು ಸಾಲು ತಪ್ಪದೆ, ಗಿಡ ಮುರಿಯದೆ, ಆಮೆಯ ಹೆಜ್ಜೆಯಲ್ಲಿ ಬರುತ್ತಿತ್ತು. ನಮ್ಮ ಸಮಕ್ಕೆ ಬಂದಾಗ ಒಂದು ಗಾಲಿ ತಗ್ಗಿಗೆ ಇಳಿಯಿತು. ಕುರ್ಚಿ ಕಿರ್ರ್ ಎಂದು, ಸಾವಕಾಶವಾಗಿ, ಗಂಗವ್ವನ ಕಡೆ ತಿರುಗಿತು. ಅವಳ ಕೈಯಲ್ಲಿ ತೊಟ್ಟು ಮುರಿದ ಕಾಯಿ ಇತ್ತು.

"ತಪ್ಪಾತ್ರಿ ಗೌಡ್ರ!" ಎಂದು ಚೀರಿದ ಗಂಗವ್ವ ಚೀಲ ಅಲ್ಲೇ ಬಿಟ್ಟು ಓಡಿದಳು. ಉಳಿದವರು ಅವಳನ್ನು ಹಿಂದೆ ಹಾಕಿದರು. ಟ್ರ್ಯಾಕ್ಟರು ಮುಂದೆ ಹೋಗಿ ಬದುವಿಗೆ ಮೂತಿ ಒತ್ತಿ ನಿಂತಿತು. ಎಂಜಿನ್ ಸತ್ತಿತು. ಹೊಲದಲ್ಲಿ ನಾನೊಬ್ಬಳೇ ಉಳಿದೆ. ಕುರ್ಚಿ ನನ್ನ ಕಡೆ ನೋಡುತ್ತಿತ್ತು.

ಅದು ಇಳಿಜಾರು. ಇಳಿಜಾರಿನಲ್ಲಿ ತಿರುಗುವ ಕುರ್ಚಿ ತಿರುಗುತ್ತದೆ. ಇಷ್ಟು ಸರಳ! ನಾನೂ ಓಡಿದೆ. ಅದು ಬೇರೆ ವಿಷಯ.

ಮರುದಿನ ಯಾರೂ ಕೆಲಸಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬೇರೆ ಊರಿಂದ ಕರೆತರೋಣವೆಂದು ಗುತ್ತಲಕ್ಕೆ ಹೋದರೆ ಕಥೆ ನನಗಿಂತ ಮುಂಚಿನ ಬಸ್ಸು ಹಿಡಿದು ಅಲ್ಲಿಗೆ ಮುಟ್ಟಿತ್ತು. ಅಲ್ಲಿ ಅಜ್ಜನಿಗೆ ಕೆಂಪು ಕಣ್ಣೂ ಬಂದಿದ್ದವು. ಇತ್ತ ಕಾಯಿ ಗಿಡದಲ್ಲೇ ಇಬ್ಬನಿ ಕುಡಿಯುತ್ತಿತ್ತು. ಹೀಗೇ ಬಿಟ್ಟರೆ ಕೆಂಪು ಹೋಗಿ ಬಿಳಿ ಮಚ್ಚೆ ಬೀಳುತ್ತದೆ. ಬಿಳಿಗಾಯಿಯನ್ನು ಬ್ಯಾಡಗಿ ಮಾರುಕಟ್ಟೆಯಲ್ಲಿ ಯಾರೂ ಮೂಸುವುದಿಲ್ಲ. ಇಡೀ ವರ್ಷದ ಬೆಳೆ ಒಂದು ಕುರ್ಚಿಯ ಕಾಲಿಗೆ ಬಿದ್ದಿತ್ತು.

"ಅದನ್ನೆಲ್ಲಾ ಕಿತ್ತು ಒಗಿ," ಎಂದ ಅಪ್ಪ.

"ಕೀಳಂಗಿಲ್ಲ. ಅದು ಸಾಕ್ಷಿ ಅಪ್ಪಾ! ಕಿತ್ತರ ಜನ ಅಜ್ಜನ ದೆವ್ವಾನ ಖರೇ ಅಂತಾರ."

ನನ್ನ ಬಳಿ ಸಿದ್ಧಾಂತವೂ ಇತ್ತು. ಪಕ್ಕದ ಹೊಲದ ಹಜರೇಸಾಬ ಕಾಕಾನ ಸ್ಕೂಟರಿಗೂ ಅದೇ ಜಾತಿಯ ಅಗ್ಗದ ರಿಮೋಟಿದೆ. ಅಗ್ಗದ ರಿಮೋಟುಗಳ ಸಂಕೇತ ಒಂದೇ ಇರುತ್ತದೆ. ಅವನು ದಾರಿಯಲ್ಲಿ ಸ್ಕೂಟರು ನಿಲ್ಲಿಸಿ ಗುಂಡಿ ಒತ್ತಿದ್ದಾನೆ, ನಮ್ಮ ಟ್ರ್ಯಾಕ್ಟರು 'ಬಂದೆ' ಎಂದು ಎದ್ದಿದೆ. ಅಪ್ಪ ಗೇರು ಹಾಕಿಯೇ ಬಿಟ್ಟು ಹೋಗಿದ್ದ. ಕಾಕಾನ ರಿಮೋಟನ್ನು ಒಮ್ಮೆ ಒತ್ತಿಸಿ ನೋಡಿದೆ. ಟ್ರ್ಯಾಕ್ಟರು ಕೆಮ್ಮಿ ಚಾಲೂ ಆಯಿತು! ನಾನು ಕುಣಿದುಬಿಟ್ಟೆ.

"ನೋಡಿದೇನ ಕಾಕಾ, ದೆವ್ವ ನೀನ!"

"ಯಾ ಅಲ್ಲಾ! ಬದುಕಿರೂ ಮನಶ್ಯಾನ್ನ ದೆವ್ವ ಮಾಡಿದೆಲ್ಲ ತಂಗಿ. ನಮ್ಮ ಮನ್ಯಾಕಿಗೆ ಹೇಳಬ್ಯಾಡ, ಮೊದಲ ಹಂಗ ಕರೀತಾಳ."

ಎಳ್ಳ ಅಮಾವಾಸ್ಯೆ ಬಂತು. ಅವತ್ತು ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಅಡಿಗೆಯ ಎಡೆಯನ್ನು ಬೆಳೆದು ನಿಂತ ಪೈರಿಗೆ ಎರಚಿ, ಭೂಮಿಯನ್ನೂ ಹಿಂದೆ ಹೋದವರನ್ನೂ ಉಣ್ಣಲು ಕರೆಯುತ್ತೇವೆ. ಬೇರೆ ದಿನ ನಮ್ಮ ಹೊಲದ ಕಡೆ ತಲೆ ಹಾಕದ ಗಂಗವ್ವನ ಗುಂಪೂ ಚರಗದ ಕರೆಗೆ ಇಲ್ಲ ಎನ್ನುವಂತಿಲ್ಲ. ಬಂದರು. ಇದಕ್ಕಿಂತ ಒಳ್ಳೆಯ ವೇದಿಕೆ ಎಲ್ಲಿ ಸಿಕ್ಕೀತು?

ಮಧ್ಯಾಹ್ನವಾದರೂ ಬಿಸಿಲು ಬಿದ್ದಿರಲಿಲ್ಲ. ಆಕಾಶ ಬೂದಿ ಮೆತ್ತಿದಂತಿತ್ತು. ಬನ್ನಿಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು, ಅವುಗಳ ಮುಂದೆ ಸಜ್ಜಿ ರೊಟ್ಟಿ, ಕರಿಗಡುಬು, ಎಣ್ಣೆಗಾಯಿ. ನಮ್ಮ ಆಯಿ, ಅಂದರೆ ಅಜ್ಜನ ಹೆಂಡತಿ, ಎಡೆ ಬಡಿಸುತ್ತಿದ್ದಳು. ಅವಳು ಐದು ಕಲ್ಲಿಗೆ ಬಡಿಸಿದ ಮೇಲೆ ಬದಿಗೆ ಒಂದು ಬಾಳೆಲೆ ಹಾಕಿ ಅದಕ್ಕೂ ಬಡಿಸಿದಳು. ಯಾರಿಗೆಂದು ನಾವು ಕೇಳಲಿಲ್ಲ. ಆಚೆ, ಅಪ್ಪ ಬದುವಿನಿಂದ ಹೊರಳಿಸಿ ಇಲ್ಲಿಯವರೆಗೆ ತಂದು ಬಿಟ್ಟ, ಮುಂದೆ ಮನೆಗೆ ಓಡಿಸಿಕೊಂಡು ಹೋಗಲು ಯಾರೂ ಒಪ್ಪದ ಟ್ರ್ಯಾಕ್ಟರು ನಿಂತಿತ್ತು.

ನಾನು ಗಂಟಲು ಸರಿಮಾಡಿಕೊಂಡೆ. "ಹಿರಿಯರೇ, ತಾಯಂದಿರೇ! ಇಲ್ಲಿ ದೆವ್ವವಿಲ್ಲ. ಇರುವುದು ಒಂದು ರಿಮೋಟು. ನಾನು ಈ ಗುಂಡಿ ಒತ್ತಿದ ತಕ್ಷಣ ಟ್ರ್ಯಾಕ್ಟರು ಚಾಲೂ ಆಗುತ್ತದೆ. ಗಮನಿಸಿ!"

ಒತ್ತಿದೆ. ಒಂದು ಕಾಗೆ ಕೂಗಿತು.

ಮತ್ತೆ ಒತ್ತಿದೆ. ಹತ್ತಿರ ಹೋಗಿ ಒತ್ತಿದೆ. ಕಾಕಾನ ರಿಮೋಟು ಕಸಿದುಕೊಂಡು ಒತ್ತಿದೆ. ದೂರದಲ್ಲಿ ಅವನ ಸ್ಕೂಟರು ಕೀಂ ಕೀಂ ಎಂದು ನಕ್ಕಿತು. ಟ್ರ್ಯಾಕ್ಟರು ಕಲ್ಲಿನಂತೆ ನಿಂತಿತ್ತು.

"ಗೇರಿನಾಗ ಐತೆಲ್ಲ, ಅದಕ್ಕ..." ಎಂದೆ. ಗೇರಿನ ಸ್ವಿಚ್ಚನ್ನು ಕಿತ್ತದ್ದೇ ನಾನು ಎಂಬುದು ಆಮೇಲೆ ನೆನಪಾಯಿತು.

"ವಕೀಲವ್ವಾ," ಗಂಗವ್ವ ಮೆತ್ತಗೆ ಹೇಳಿದಳು, "ನೀ ಕರದ್ರ ಯಾಕ ಬರ್ತಾನ? ಬದುಕಿದ್ದಾಗರ ನಿನ್ನ ಮಾತ ಕೇಳ್ತಿದ್ನೇನ?"

ಹೆಂಗಸರು ನಕ್ಕರು. ಚರ್ಚಾಕೂಟದ ಇತಿಹಾಸದಲ್ಲಿ ಇಷ್ಟು ಚಿಕ್ಕ ಪ್ರತಿವಾದಕ್ಕೆ ನಾನು ಎಂದೂ ಸೋತಿರಲಿಲ್ಲ. ಎರಡೂ ರಿಮೋಟುಗಳನ್ನು ಕಂಬಳಿಯ ಮೇಲೆ ಎಸೆದು ಕೂತೆ.

ಅಪ್ಪ ಎಡೆಯ ಬುಟ್ಟಿ ಎತ್ತಿಕೊಂಡು ಸಾಲಿಗೆ ಇಳಿದ. ಕಾಕಾ ನೀರಿನ ತಂಬಿಗೆ ಹಿಡಿದು ಹಿಂದೆ ಹೋದ.

"ಹುಲ್ಲುಲ್ಲಿಗೋ!" ಎಂದು ಅಪ್ಪ ಚರಗದ ಹಳೆಯ ಕರೆ ಕೂಗಿ ಎಡೆ ಎರಚಿದ.

"ಸುರಾಂಬ್ಲಿಗೋ!" ಎಂದು ಕಾಕಾ ಓಗೊಟ್ಟು ನೀರು ಚಿಮುಕಿಸಿದ.

ಅವರು ದೂರ ದೂರ ಹೋದಂತೆ ಕೂಗು ಸಣ್ಣದಾಯಿತು. ಕೊನೆಗೆ ಇಬ್ಬರೂ ಹೊಲದ ಆ ಬದುವಿನ ಹತ್ತಿರ ಎರಡು ಚುಕ್ಕೆಯಾದರು. ಒಂದು ಕರೆ, ಒಂದು ಓಗೊಡುವಿಕೆ. ಒಂದು ಕರೆ, ಒಂದು ಓಗೊಡುವಿಕೆ.

ಒಂದು ಕರೆಗೆ ಕಾಕಾ ಓಗೊಡಲಿಲ್ಲ. ಉಸಿರು ಕಟ್ಟಿತ್ತೋ ಏನೋ. ಆ ಖಾಲಿ ಜಾಗದಲ್ಲಿ ಎಂಜಿನ್ ಚಾಲೂ ಆಯಿತು.

ನಾನು ಕಂಬಳಿ ನೋಡಿದೆ. ಎರಡೂ ರಿಮೋಟು ಅಲ್ಲೇ ಮಲಗಿದ್ದವು, ಸುತ್ತ ಯಾರ ಕೈಯೂ ಇರಲಿಲ್ಲ. ದಾರಿಯ ಕಡೆ ನೋಡಿದೆ. ಒಂದು ಸೈಕಲ್ಲೂ ಇರಲಿಲ್ಲ. ತಂಪಿಗೆ ಸೆಟೆದುಕೊಂಡ ಯಾವುದೋ ಬಿಡಿಭಾಗ ತಡವಾಗಿ ಬಿಟ್ಟುಕೊಂಡಿರಬೇಕು ಎಂದು ವಾದ ಹೂಡುವಷ್ಟರಲ್ಲಿ ಟ್ರ್ಯಾಕ್ಟರು ಹೊರಟಿತು. ಎಡೆಯ ಕಡೆಗೆ. ಐದು ಕಲ್ಲಿನ ಕಡೆಗೆ. ಬಡಿಸುತ್ತ ಬಗ್ಗಿದ್ದ ಆಯಿಯ ಕಡೆಗೆ!

ಗಂಗವ್ವನ ಗುಂಪು ಚೆಲ್ಲಾಪಿಲ್ಲಿಯಾಯಿತು. "ಆಯೀ, ಬದಿಗೆ ಸರೀ!" ಎಂದು ಚೀರಿ ನಾನು ಓಡಿದೆ. ಮೊಸರನ್ನದ ಪಾತ್ರೆಗೆ ಕಾಲು ಸಿಕ್ಕಿ, ಮಾನ್ಯ ವಾದಿಯು ಮುಖ ಕೆಳಗಾಗಿ ಬಿದ್ದಳು. ಬಾಯಿ ತುಂಬ ಮಣ್ಣು ಮತ್ತು ಮೊಸರು. ತಲೆ ಎತ್ತಿದರೆ ಕಂಡದ್ದು ಟ್ರ್ಯಾಕ್ಟರಿನ ಹಿಂಭಾಗ ಮತ್ತು ಕುರ್ಚಿಯ ಬೆನ್ನು ಮಾತ್ರ. ಅದರಾಚೆ ಆಯಿ.

ಆಯಿ ಸರಿಯಲಿಲ್ಲ. ನಿಧಾನ ನೆಟ್ಟಗಾದಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು. ಕಣ್ಣು ಕುರ್ಚಿಯ ಮೇಲಿತ್ತು. ದಿನಾ ಹೇಳುವ ಮಾತನ್ನು ಹೇಳುವಂತೆ ಹೇಳಿದಳು:

"ಸಾಕು, ಇಳೀರಿ. ಊಟ ಆರಾಕತ್ತೈತಿ."

ಎಂಜಿನ್ ನಿಂತಿತು. ಕೆಮ್ಮಿ, ಒದ್ದಾಡಿ ಅಲ್ಲ. ಬಂದ್ ಮಾಡಿದಂತೆ ನಿಂತಿತು. ಮೂತಿಗೂ ಅವಳ ಸೀರೆಯ ನೆರಿಗೆಗೂ ನಡುವೆ ಒಂದು ಮೊಳ ಜಾಗ.

ಆಮೇಲೆ ಗಂಗವ್ವ ಗಿಡದ ಮರೆಯಿಂದ ಎದ್ದು ಬಂದಳು, ಬಾಳೆಲೆಗೆ ಕೈಮುಗಿದಳು.

"ಗೌಡ್ರು ಊಟಕ್ಕ ಬಂದಿದ್ರು ಪಾಪ. ಉಂಡು ಹೊಕ್ಕಾರ. ಇನ್ನ ಅಂಜಿಕಿ ಇಲ್ಲ. ನಾಳಿಂದ ಬರ್ತೀವಿ ಆಯೀ."

ಮಾತಿಗೆ ತಪ್ಪಲಿಲ್ಲ. ಮರುದಿನ ಬೆಳಿಗ್ಗೆ ಹೊಲದ ತುಂಬ ಬಳೆ ಸದ್ದು. ಮಚ್ಚೆ ಬೀಳುವ ಮುಂಚೆ ಬೆಳೆ ಉಳಿಯಿತು, ಒಂದು ತೊಟ್ಟೂ ಮುರಿಯಲಿಲ್ಲ. ನಾನು ತರ್ಕದಿಂದ ತರಲಾಗದ ಹೆಂಗಸರನ್ನು ಆಯಿ ಒಂದು ಮಾತಿನಿಂದ ತಂದಿದ್ದಳು. "ಸವಿ, ನಿನ್ನ ಭಾಷಣ ಚಲೋ ಇತ್ತು," ಎಂದು ಅಪ್ಪ ಸಮಾಧಾನ ಹೇಳಿದ. "ಮೊಸರನ್ನ ಅಷ್ಟ ಹಾಳಾತು."

ಸೋಲನ್ನು ಒಪ್ಪಿಕೊಳ್ಳುವ ಮುಂಚೆ ಪರಿಶೀಲನೆ ನನ್ನ ಹಕ್ಕು. ಹೆಂಗಸರು ಕೆಲಸದಲ್ಲಿದ್ದಾಗ ಸ್ಪ್ಯಾನರು ಹಿಡಿದು ಟ್ರ್ಯಾಕ್ಟರು ಹತ್ತಿದೆ. ಅಪ್ಪನೂ ಕಾಕಾನೂ ಆಣೆ ಹಾಕಿ ಹೇಳಿದ್ದರು, ಅವತ್ತಿನಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಡೀಸೆಲ್ ಇತ್ತು. ವೈರು ಸರಿ ಇದ್ದವು. ಆದರೆ ಎಂಜಿನ್ ಬಂದ್ ಮಾಡುವ ಕೆಂಪು ಗುಂಡಿ, ಚಾಲಕ ಕೂತು ಬಲಗೈಯಿಂದ ಜಗ್ಗುವಂಥದು, ಪೂರ್ತಿ ಹೊರಗೆ ಬಂದಿತ್ತು. ಅದು ಬಿಗಿ ಗುಂಡಿ. ಕುಲುಕಾಟಕ್ಕೆ ಬರುವಂಥದಲ್ಲ. ಒಳಗೆ ತಳ್ಳಿ ನಾನೇ ಜಗ್ಗಿ ನೋಡಿದೆ, ಬೆರಳು ನೊಂದವು.

ಆಯಿ ಬನ್ನಿಗಿಡದ ಕೆಳಗೆ ಕೂತು ಕಾಯಿ ಆರಿಸುತ್ತಿದ್ದಳು. ಹೋಗಿ ಎದುರಿಗೆ ಕೂತೆ. ಅವಳು ತಲೆ ಎತ್ತಲಿಲ್ಲ. ತುಟಿಯ ತುದಿಯಲ್ಲಿ ನಗುವಿನಂಥದ್ದೇನೋ ಇತ್ತು.

"ಆಯೀ, ಅಪ್ಪ ಆ ಬದುವಿನ್ಯಾಗ ಇದ್ದ. ನಾ ಮಸರಿನ್ಯಾಗ ಬಿದ್ದಿದ್ದೆ. ಎದುರಿಗೆ ನಿಂತು ಕುರ್ಚಿ ನೋಡಿದಾಕಿ ನೀ ಒಬ್ಬಾಕಿ. ಗುಂಡಿ ಜಗ್ಗಿದವರು ಯಾರು?"