ಚಂದ್ರಿಕೆಗೆ ಬಿಟ್ಟ ಫೋನು

ನಮ್ಮ ಮನೇಲಿ ತಿಂಗಳಿಗೊಂದು ಸಲ ರೇಷ್ಮೆ ಹುಳ ಮೇಯಿಸುತ್ತೇವೆ, ವಾರಕ್ಕೊಂದು ಸಲ ಅಮ್ಮ ನನ್ನ ಮಾನ ಕಳೆಯುತ್ತಾಳೆ. ಎರಡೂ ತಪ್ಪಿದ್ದಿಲ್ಲ. ಶಿಡ್ಲಘಟ್ಟದ ಸುತ್ತ ಅಮ್ಮನಂಥವಳು ಒಬ್ಬಳೇ. ಅವಳ ಮಗನಂಥವನೂ ಒಬ್ಬನೇ, ಅದನ್ನು ಮಾತ್ರ ನಾನೇ ಹೇಳಿಕೊಳ್ಳಬೇಕಾಗಿದೆ.

೧. ಕಂಬಳಿಯೊಳಗಿನ ಓಟ

ಪೊಲೀಸ್ ಕೆಲಸದ ಓಟದ ಪರೀಕ್ಷೆಗೆ ಒಂದು ತಿಂಗಳಿತ್ತು. ಓಡೋದರಲ್ಲಿ ನಮ್ಮ ಹೋಬಳಿಗೆ ನಾನೇ ಮುಂದು. ತೊಂದರೆ ಇದ್ದದ್ದು ಏಳೋದರಲ್ಲಿ. ರಾತ್ರಿ ಎರಡರವರೆಗೆ ಫೋನಿನಲ್ಲಿ ಪತ್ತೇದಾರಿ ಕಾದಂಬರಿ ಓದುತ್ತಿದ್ದೆ. “ನನಗೆ ಮೂರು ಗಂಟೆ ನಿದ್ದೆ ಸಾಕು ಕಣೋ” ಅಂತ ಜೊತೆಗೆ ಓಡುವ ಗೆಳೆಯನ ಹತ್ತಿರ ಕೊಚ್ಚಿಕೊಂಡಿದ್ದೆ. ಅವನು ಐದಕ್ಕೆ ಕೆರೆ ಕಟ್ಟೆ ಮೇಲೆ ಕಾದು ಕಾದು, ಆರಕ್ಕೆ ಮನೆಗೇ ಬಂದ.

“ಅವನೆಲ್ಲಿ ಆಂಟಿ?”

“ಓಡ್ತಾವ್ನೆ ಕಣಪ್ಪ. ಕಂಬಳಿ ಒಳಗೆ ಕಾಲು ಆಡ್ತಿರೋದು ಕಾಣಲ್ವಾ?”

೨. ಹಳದಿ ಬೆಳಕು

ನಾನೇನು ಬಿಡುವ ಆಸಾಮಿಯೇ? ಫೋನಿನ ಬೆಳಕನ್ನು ಹಳದಿಗೆ ತಿರುಗಿಸಿದೆ. “ಈ ಬೆಳಕಲ್ಲಿ ಓದಿದ್ರೆ ನಿದ್ದೆ ಕೆಡಲ್ಲಮ್ಮ” ಅಂದೆ.

“ಹಂಗಾದ್ರೆ ನನಗೂ ಓದು, ನೋಡಣ.”

ಜೋರಾಗಿ ಓದಿದೆ. ಮೂರನೇ ಸಾಲಿಗೆ ಅಮ್ಮನ ಗೊರಕೆ. ಕೊಲೆ ಮಾಡಿದವನು ಸಿಕ್ಕುವಷ್ಟರಲ್ಲಿ ನನಗೆ ರಾತ್ರಿ ಎರಡೂವರೆ.

ಬೆಳಿಗ್ಗೆ ಎಂಟಕ್ಕೆ ಕಾಫಿ ಹಿಡಿದು ಬಂದಳು. “ನೀನಂದಿದ್ದು ನಿಜ ಕಣೋ, ಒಳ್ಳೇ ನಿದ್ದೆ ಬಂತು. ನಿನಗ್ಯಾಕೆ ಬರಲಿಲ್ಲ?”

೩. ಐದನೇ ದಿನ

ಪರೀಕ್ಷೆಗೆ ಐದೇ ದಿನ ಇತ್ತು. ಅವತ್ತು ಹುಳ ಮೇವು ಬಿಟ್ಟು ಹಣ್ಣಾಗಿದ್ದವು. ಅಮ್ಮ ಅವನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಪಟ್ಟಿ ಸುರುಳಿ ಸುತ್ತಿದ ಚಂದ್ರಿಕೆಗೆ ಬಿಡುತ್ತಿದ್ದಳು. ಕೈ ಚಾಚಿ ನನ್ನ ಜೇಬಿನಿಂದ ಫೋನೂ ತೆಗೆದು, ಒಂದು ಖಾಲಿ ಚಂದ್ರಿಕೆಯ ಸುತ್ತಿನೊಳಗೆ ಸಿಕ್ಕಿಸಿಬಿಟ್ಟಳು.

“ಏಮ್ರಾ, ಹುಳಾನೇ ನಾಲ್ಕು ಸಲ ನಿದ್ದೆ ಮಾಡಿ ಆಮೇಲೆ ಗೂಡು ಕಟ್ಟುತ್ತೆ. ನೀನು ಒಂದು ಸಲಾನೂ ಮಾಡಲ್ಲ, ಏನು ಕಟ್ತೀಯ?”

“ಫೋನು ಯಾವಾಗ ಕೊಡ್ತೀಯ?”

“ಗೂಡು ಬಿಡಿಸೋದು ಐದನೇ ದಿನ. ಅಲ್ಲೀವರೆಗೂ ಚಂದ್ರಿಕೆ ಮುಟ್ಟಬಾರದು.”

ಅಮ್ಮ ಬೇಡ ಅಂದ ಮೇಲೆ ಚಂದ್ರಿಕೆ ಮುಟ್ಟುವ ಗಂಡಸು ನಮ್ಮ ವಂಶದಲ್ಲೇ ಹುಟ್ಟಿಲ್ಲ. ಎರಡು ರಾತ್ರಿ ಸೂರು ನೋಡುತ್ತಾ ಹೊರಳಾಡಿದೆ. ಮೂರನೇ ರಾತ್ರಿ ಒಂಬತ್ತಕ್ಕೇ ಕಣ್ಣು ಮುಚ್ಚಿತು. ನಾಲ್ಕನೇ ಬೆಳಿಗ್ಗೆ ಗೆಳೆಯನನ್ನು ನಾನೇ ಎಬ್ಬಿಸಲು ಹೋದೆ, ಅವರಮ್ಮ ಹೆದರಿಕೊಂಡರು.

ಐದನೇ ದಿನ ಚಿಕ್ಕಬಳ್ಳಾಪುರದ ಮೈದಾನದಲ್ಲಿ ಓಡಿದೆ, ಪಾಸಾದೆ. ನನ್ನ ಹಿಂದೆ ಬಂದವರಿಗೆ ನನ್ನ ಬೆನ್ನು ಕಂಡಿದ್ದೂ ಅನುಮಾನ. ಮನೆಗೆ ಬಂದು ಎದೆ ಉಬ್ಬಿಸಿ ಅಮ್ಮನ ಮುಂದೆ ನಿಂತೆ. ಅವಳು ಗೂಡು ಬಿಡಿಸುತ್ತಾ ಕೂತಿದ್ದಳು. ಕಣ್ಣು ಒರೆಸಿಕೊಂಡಳು, ನನ್ನ ತಲೆ ಸವರಿದಳು. ಆಮೇಲೆ ಚಂದ್ರಿಕೆಯಿಂದ ಫೋನು ತೆಗೆದು, ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ತಿಂಗಳೆಲ್ಲ ರಾತ್ರಿ ಹೊತ್ತು ಇದು ಸೊಪ್ಪಿನಂಗೆ ನಿನ್ನನ್ನ ಮೇಯ್ತು. ಐದು ದಿನ ಚಂದ್ರಿಕೇಲಿ ಇಟ್ರೂ ಒಂದೆಳೆ ನೂಲು ಬಿಟ್ಟಿಲ್ಲ ನೋಡಪ್ಪ. ಇಂಥ ಹುಳಾನ ನಾನು ಆರಿಸಿ ಆಚೆ ಬಿಸಾಕ್ತೀನಿ. ನಿನ್ನ ಮುಖ ನೋಡಿ ಬಿಟ್ಟಿದೀನಿ, ತಗೋ.”