ಹತ್ತೂವರೆಯ ಉಪಗ್ರಹವೂ ನಮ್ಮ ದೊಡ್ಡಮ್ಮನೂ

ಆಕಾಶದಲ್ಲಿ ಸುತ್ತುವ ಉಪಗ್ರಹದ ಮೇಲೆ ಜಗಳ ತೆಗೆದು ಗೆದ್ದವರು ನಿಮ್ಮ ಕಡೆ ಯಾರಾದರೂ ಇದ್ದಾರೆಯೇ? ಇಲ್ಲ ತಾನೇ! ನಮ್ಮ ಮನೆಯಲ್ಲಿ ಒಬ್ಬಳಿದ್ದಾಳೆ. ನಮ್ಮ ದೊಡ್ಡಮ್ಮ. ಪಾವಗಡ ಸೀಮೆಯಲ್ಲಿ, ವಳ್ಳೂರಿನ ಹತ್ತಿರ, ಅರವತ್ತು ಕುರಿಗಳ ಒಡತಿ. ಓದು ಬಸ್ಸಿನ ಬೋರ್ಡಿಗೆ ಸಾಕಾಗುವಷ್ಟು. ಆದರೆ ಕಂಡಕ್ಟರಿಂದ ಹಿಡಿದು ಪಶುವೈದ್ಯರವರೆಗೆ ಅವಳ ಕೈಲಿ ತಪ್ಪು ಹಿಡಿಸಿಕೊಳ್ಳದವರು ಯಾರೂ ಉಳಿದಿಲ್ಲ.

ಸುಳ್ಳು ಅಂದರೆ ಅವಳಿಗೆ ಮೈಯೆಲ್ಲ ಉರಿ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ, "ಹುಡುಗಿಗೆ ಅಡುಗೆ ಹೇಗೆ?" ಎಂದು ಸುಮ್ಮನೆ ಮಾತಿಗೆ ಕೇಳಿದರು. "ಮುದ್ದೆ ತೊಳಸಾಕೆ ಬರಾಕಿಲ್ಲ ಕಣ್ರಪ್ಪ, ಬರೀ ಗಂಟು" ಎಂದುಬಿಟ್ಟಳು! ಆ ಸಂಬಂಧ ಉಪ್ಪಿಟ್ಟಿನ ತಟ್ಟೆ ಖಾಲಿಯಾಗುವ ಮೊದಲೇ ಮುಗಿಯಿತು.

ನಾನು ತುಮಕೂರಿನ ಒಂದು ಆಫೀಸಿನಲ್ಲಿ ಉಪಗ್ರಹದ ಚಿತ್ರಗಳನ್ನು ನೋಡಿ ನಕ್ಷೆ ಮಾಡುವವಳು. ಇದು ಕೆಲಸವೇ ಅಂತ ದೊಡ್ಡಮ್ಮನಿಗೆ ಮೊದಲಿನಿಂದಲೂ ಅನುಮಾನ.

"ಎಷ್ಟೊತ್ತಿಗೆ ಬತ್ತೈತೆ ಅದು?" ಎಂದು ಒಂದು ಸಲ ಕೇಳಿದಳು.

"ಐದು ದಿನಕ್ಕೊಂದು ಸಲ. ಬೆಳಗ್ಗೆ ಹತ್ತೂವರೆ ಸುಮಾರಿಗೆ."

"ಐದು ದಿನಕ್ಕಾ? ನಮ್ಮೂರ ಗೌರ್ಮೆಂಟ್ ಬಸ್ಸೇ ವಾಸಿ ಕಣೇ! ಬಂದು ಏನೇನ್ ನೋಡ್ತದೆ?"

"ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಜಾಗ ಅದಕ್ಕೆ ಒಂದು ಚುಕ್ಕಿ. ನಿನ್ನ ಮನೆ, ಬೇವಿನ ಮರ, ಗೊಬ್ಬರದ ಗುಂಡಿ, ನೀನು, ಎಲ್ಲ ಸೇರಿ ಒಂದೇ ಬಣ್ಣ ದೊಡ್ಡಮ್ಮ."

"ನಾನೂ ಗೊಬ್ಬರದ ಗುಂಡೀನೂ ಒಂದೇ ಬಣ್ಣವಾ?"

ಎರಡು ದಿನ ನನ್ನ ಮುದ್ದೆಯನ್ನು ನಾನೇ ತೊಳಸಿಕೊಳ್ಳಬೇಕಾಯಿತು, ಗಂಟು ಸಮೇತ.

ನಿಜವಾದ ಜಗಳ ಹತ್ತಿಕೊಂಡದ್ದು ಗೋಕಟ್ಟೆಯಿಂದ. ದನಕುರಿ ನೀರು ಕುಡಿಯಲೆಂದೇ ಯಾವ ಕಾಲದಲ್ಲೋ ಕಟ್ಟಿದ ಸಣ್ಣ ಕೆರೆ ಅದು. ಈಗ ಅದರ ಸುತ್ತ ಮೂರು ಕಡೆ ಸೋಲಾರ್ ಪ್ಯಾನೆಲ್ಲುಗಳು, ಒಂದು ಕಡೆ ಕುರಿ ಹೋಗುವ ದಾರಿ. ತಾಲ್ಲೂಕಿನ ಕೆರೆಕಟ್ಟೆಗಳ ಹೊಸ ನಕ್ಷೆಯೊಂದು ತಯಾರಾಗಿ ಪಂಚಾಯ್ತಿ ಗೋಡೆಗೆ ಬಂತು. ಅದರಲ್ಲಿ ದೊಡ್ಡಮ್ಮನ ಕಟ್ಟೆಯೇ ಇರಲಿಲ್ಲ! ಆ ಜಾಗದಲ್ಲಿ 'ಪ್ಯಾನೆಲ್' ಅಂತ ಇತ್ತು. ತಕರಾರು ಹೇಳಲು ಎರಡು ತಿಂಗಳು. ಅಷ್ಟರಲ್ಲಿ ತಿದ್ದದಿದ್ದರೆ ಕಾಗದದ ಪ್ರಕಾರ ಅಲ್ಲಿ ನೀರೇ ಇಲ್ಲ. ನೀರಿಲ್ಲದ ಜಾಗಕ್ಕೆ ಯಾರು ಬೇಲಿ ಎಳೆದರೂ ಕೇಳುವಂತಿಲ್ಲ. ಅರವತ್ತು ಕುರಿ ಬೇಸಿಗೆಯಲ್ಲಿ ಎಲ್ಲಿ ಕುಡಿಯಬೇಕು?

ಆ ನಕ್ಷೆ ಮಾಡಿದವಳು ನಾನೇ. ಮೇಲಿನಿಂದ ನೋಡಿದರೆ ನೀರೂ ಕಪ್ಪು, ಪ್ಯಾನೆಲ್ಲೂ ಕಪ್ಪು. ಬೇರೆ ಬೇರೆ ತಿಂಗಳ ಚಿತ್ರ ಪಕ್ಕಪಕ್ಕ ಇಟ್ಟು ನೋಡಬೇಕಿತ್ತು. ನಾನು ಒಂದೇ ಒಂದು ದಿನದ ಚಿತ್ರ ನೋಡಿ, ಊರಿನ ಬಸ್ಸು ತಪ್ಪುತ್ತದೆ ಎಂಬ ಅವಸರದಲ್ಲಿ ಎಲ್ಲವನ್ನೂ ಪ್ಯಾನೆಲ್ ಮಾಡಿ ಎದ್ದು ಬಂದಿದ್ದೆ. "ಯಾರೇ ಇಂಗೆ ಮಾಡಿದ್ದು?" ಎಂದು ದೊಡ್ಡಮ್ಮ ಕೋಲು ಹಿಡಿದು ನಿಂತಾಗ ಏನು ಹೇಳಲಿ?

"ಉಪಗ್ರಹ ತಪ್ಪು ನೋಡಿದೆ ದೊಡ್ಡಮ್ಮ" ಅಂದೆ.

ಅಲ್ಲಿಂದ ಶುರುವಾಯಿತು ಯುದ್ಧ!

"ಅದಕ್ಕೆ ಕಣ್ಣು ಕಾಣಾಕಿಲ್ಲ ಅಂದ್ರೆ ಕಾಣೋ ಅಂಗೆ ಕಟ್ಟೆ ಮ್ಯಾಲೆ ಗುರುತು ಹಾಕಾನ" ಎಂದಳು. ಒಂದು ಚುಕ್ಕಿ ತುಂಬಲು ಎಷ್ಟು ಕಂಬಳಿ ಬೇಕು ಎಂದು ನನ್ನಿಂದ ಲೆಕ್ಕ ಹಾಕಿಸಿದಳು. ಸುಮಾರು ನಲವತ್ತು. ಶಿರಾದಿಂದ ಮಧುಗಿರಿವರೆಗೆ ಇರುವ ನೆಂಟರ ಮನೆಗಳಿಗೆಲ್ಲ ಫೋನು ಹೋಯಿತು. ಉಪಗ್ರಹ ಬರುವ ದಿನ ಕಟ್ಟೆ ಏರಿಯ ಮೇಲೆ ನಲವತ್ತು ಕರಿ ಕಂಬಳಿ ಅಂಚಿಗೆ ಅಂಚು ಸೇರಿಸಿ ಹಾಸಿ, ಮುಖ ತೊಳೆದು ಕುಂಕುಮ ಇಟ್ಟು, ಆಕಾಶ ನೋಡುತ್ತ ನಿಂತಳು. ಅವಳ ಹಿಂದೆ ಕಂಬಳಿ ಕೊಟ್ಟ ನೆಂಟರೆಲ್ಲ ಮೇಲೆ ನೋಡುತ್ತ ಸಾಲಾಗಿ ನಿಂತರು!

ಫಲಿತಾಂಶ? ಕಂಪ್ಯೂಟರು ಕಂಬಳಿಯನ್ನೂ ಪ್ಯಾನೆಲ್ ಅಂತಲೇ ಓದಿತು. ಇದ್ದ ಪ್ಯಾನೆಲ್ಲಿಗೆ ಇನ್ನೊಂದು ಚುಕ್ಕಿ ಸೇರಿತು!

"ಕಂಬಳೀಲಿ ಕರೆಂಟ್ ಬತ್ತದೇನೇ ಅದರ ತಲೆ!" ಎಂದು ದೊಡ್ಡಮ್ಮ ಕೂಗಾಡಿದಳು. ನೆಂಟರು ತಂತಮ್ಮ ಕಂಬಳಿ ಯಾವುದೆಂದು ಗುರುತು ಸಿಗದೆ ಸಂಜೆಯವರೆಗೆ ಕಿತ್ತಾಡಿದರು.

ಆದರೆ ಕಂಬಳಿ ಮಡಿಸುತ್ತ ಅವಳೇ ಒಂದು ಮಾತು ಕೇಳಿದಳು. "ಅಲ್ವೇ, ನೀರು ಮಳೆ ಬಂದ್ರೆ ಉಬ್ತದೆ, ಬ್ಯಾಸಿಗೇಲಿ ಕುಗ್ತದೆ. ಪ್ಯಾನೆಲ್ಲು ಕುಗ್ತದಾ? ಇದೂ ತಿಳೀದಾ ಅದಕ್ಕೆ?"

ನನ್ನ ಮುಖ ಇಂಗು ತಿಂದ ಮಂಗನಂತಾಯಿತು. ನಾನು ಮಾಡದೆ ಬಿಟ್ಟ ಕೆಲಸ ಅದೇ ತಾನೇ! ಹಳೆಯ ಚಿತ್ರಗಳನ್ನೆಲ್ಲ ಇಳಿಸಿಕೊಂಡು ಲ್ಯಾಪ್‌ಟಾಪ್ ಜೊತೆ ಜಗಲಿಯ ಮೇಲೆ ಕೂತೆ. ದೊಡ್ಡಮ್ಮ ಬಾಯಲ್ಲಿ ಹೇಳುತ್ತ ಹೋದಳು. ದೀಪಾವಳಿಗೆ ನೀರು ಹುಣಸೆ ಮರ ಮುಟ್ಟುತ್ತದೆ. ಶಿವರಾತ್ರಿಗೆ ಮರಕ್ಕೂ ನೀರಿಗೂ ಐವತ್ತು ಹೆಜ್ಜೆ. ಯುಗಾದಿ ಆಗಿ ವಾರಕ್ಕೆ ನಡುವಿನ ದಿಬ್ಬ ಎದ್ದು ನೀರು ಎರಡು ತುಂಡಾಗುತ್ತದೆ. ಒಂದೊಂದೂ ಚಿತ್ರದಲ್ಲಿ ಹಾಗೇ ಇತ್ತು!

ಶ್ರಾವಣದಲ್ಲಿ ಮಾತ್ರ ಬರೀ ಮೋಡ. "ಈಗ ಏನ್ ಮಾಡ್ತೀಯ?" ಎಂದು ಗೆದ್ದವಳ ಹಾಗೆ ಕೇಳಿದಳು. ಮೋಡದ ಒಳಗಿಂದಲೂ ನೆಲ ನೋಡುವ ಇನ್ನೊಂದು ಉಪಗ್ರಹ ಇದೆ, ಅದು ರೇಡಿಯೋ ಅಲೆ ಕಳಿಸಿ, ತಿರುಗಿ ಬಂದದ್ದರಿಂದ ಕೆಳಗೇನಿದೆ ಎಂದು ತಿಳಿದುಕೊಳ್ಳುತ್ತದೆ ಅಂದೆ.

"ಬೆಟ್ಟಕ್ಕೆ ಕೂಗಾಕಿ ಮರುದನಿ ಕೇಳ್ದಂಗೆ ಅನ್ನು. ಇದು ವಾಸಿ. ಇದು ನಮ್ಮಂಗೆ!" ಎಂದು ಮೊದಲ ಬಾರಿಗೆ ಒಂದು ಉಪಗ್ರಹಕ್ಕೆ ಪಾಸ್ ಮಾರ್ಕ್ಸ್ ಕೊಟ್ಟಳು. ಮಾರನೆಯ ದಿನವೇ ಮೇಲೆ ತೆರೆದುಕೊಂಡಿದ್ದ ಬಚ್ಚಲಿಗೆ ತಗಡು ಹೊದಿಸಿದಳು. ಮೋಡವನ್ನೇ ತೂರಿ ನೋಡುವುದಕ್ಕೆ ತೆಂಗಿನ ಸೋಗೆ ಹೊದಿಸಿದರೆ ಯಾವ ಲೆಕ್ಕ, ತಗಡೇ ಬೇಕು ಅಂತ!

ನಾವು ಕೊಟ್ಟ ತಕರಾರಿನ ವಿಚಾರಣೆಯ ದಿನ ಪಾವಗಡಕ್ಕೆ ಹೋಗುವ ಬಸ್ಸಿನಲ್ಲಿ ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ದೊಡ್ಡಮ್ಮ, ಉಪಗ್ರಹದ್ದು ತಪ್ಪಿಲ್ಲ. ಅದು ಇದ್ದದ್ದನ್ನೇ ತೋರಿಸಿತ್ತು. ಸರಿಯಾಗಿ ನೋಡದೆ ಪ್ಯಾನೆಲ್ ಅಂತ ಬರೆದವಳು ನಾನು."

ಅವಳು ಕಿಟಕಿಯ ಕಡೆ ತಿರುಗಿದಳು. ಪಾವಗಡದ ಕೋಟೆ ಬೆಟ್ಟ ಕಾಣುವವರೆಗೂ ಆ ಕಡೆಯೇ ನೋಡುತ್ತಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ತಾಲ್ಲೂಕು ಆಫೀಸಿನಲ್ಲಿ ತಹಸೀಲ್ದಾರ್ ಸಾಹೇಬರ ಪಕ್ಕ ನಮ್ಮ ಆಫೀಸಿನ ಮುಖ್ಯಸ್ಥರೂ ಕೂತಿದ್ದರು. ನಾನು ಚಿತ್ರಗಳನ್ನು ಹರಡಿದೆ. ಸಾಹೇಬರು ಒಂದು ಚಿತ್ರದ ತಾರೀಖನ್ನು ಬೆರಳಿನಿಂದ ಮುಚ್ಚಿ ದೊಡ್ಡಮ್ಮನ ಮುಂದೆ ಹಿಡಿದರು. "ಇದು ಯಾವಾಗಿನದಮ್ಮ, ಹೇಳಿ ನೋಡೋಣ?"

"ನೀರು ಎರಡಾಗೈತೆ. ಯುಗಾದಿ ಕಳೆದು ಎಂಟು ದಿನ ಆಗಿರ್ಬೇಕು."

ಬೆರಳು ತೆಗೆದರು. ಏಪ್ರಿಲ್ ಮೊದಲ ವಾರ. ಇನ್ನೂ ಮೂರು ಚಿತ್ರ ತೋರಿಸಿದರು. ಮೂರೂ ಸರಿ! ಕೊನೆಗೆ ಅವಳೇ ಕೇಳಿದಳು, "ಬ್ಯಾಸಿಗೇಲಿ ಒಣಗೋ ಪ್ಯಾನೆಲ್ ಎಲ್ಲಾದ್ರೂ ನೋಡಿದ್ದೀರಾ ಸ್ವಾಮಿ?" ಇಡೀ ಕೋಣೆ ನಕ್ಕಿತು. ಕಟ್ಟೆಯನ್ನು ಪಟ್ಟಿಗೆ ಸೇರಿಸಿ ಎಂದು ಸಾಹೇಬರು ಅಲ್ಲೇ ಬರೆದು ಸಹಿ ಹಾಕಿದರು. ನಾವು ಗೆದ್ದೆವು!

ಆಗ ನಮ್ಮ ಮುಖ್ಯಸ್ಥರು ಕನ್ನಡಕ ತೆಗೆದರು. "ಇಷ್ಟು ಸ್ಪಷ್ಟವಾಗಿರುವಾಗ ಮೊದಲು ಈ ತಪ್ಪು ಮಾಡಿದ್ದು ಯಾರು?"

ನಾನು ಬಾಯಿ ತೆರೆದೆ. ದೊಡ್ಡಮ್ಮ ಚಪ್ಪಲಿ ಕಾಲಲ್ಲಿ ನನ್ನ ಪಾದವನ್ನು ಬಲವಾಗಿ ತುಳಿದಳು.

"ಆ ಉಪಗ್ರಹದ್ದೇ ತಪ್ಪು ಸ್ವಾಮಿ. ಅದಕ್ಕೆ ಕಣ್ಣು ಮಂಜು. ನಮ್ಮ ಹುಡುಗಿ ಏನ್ ಮಾಡ್ತಾಳೆ, ಪಾಪ."

ಗಂಡಿನ ಕಡೆಯವರೆದುರೂ ಸುಳ್ಳಾಡದ ನಮ್ಮ ದೊಡ್ಡಮ್ಮ!

ಮುಂದಿನ ಭಾನುವಾರ ಉಪಗ್ರಹದ ಸರದಿ. ಬೆಳಗ್ಗೆ ಕಟ್ಟೆಯ ಹತ್ತಿರ ಹೋದೆ. ಅರವತ್ತು ಕುರಿಗಳು ಹುಣಸೆ ಮರದ ಆಚೆ ಬಯಲಿನಲ್ಲಿ ಒತ್ತಾಗಿ ನಿಂತಿದ್ದವು. ಅವುಗಳ ನಡುವೆ ದೊಡ್ಡಮ್ಮ, ಮುಖ ತೊಳೆದು ಕುಂಕುಮ ಇಟ್ಟು, ಆಕಾಶಕ್ಕೆ ಕೈ ಮುಗಿದಿದ್ದಳು. ನಾನು ಹಿಂದೆ ಬಂದದ್ದು ಅವಳಿಗೆ ಗೊತ್ತಾಗಲಿಲ್ಲ.

"ತಪ್ಪಾಯ್ತು ಕಣಪ್ಪ. ನಿನ್ನ ಮೇಲೆ ಇಲ್ಲದ್ದು ಹೇಳ್ಬುಟ್ಟೆ. ನೀನು ನೆಟ್ಟಗೇ ನೋಡಿದ್ದೆ. ಏನ್ ಮಾಡಾದು ಹೇಳು, ನಿನ್ನ ಯಾರೂ ಕೆಲಸದಿಂದ ತೆಗೆಯಾಕಿಲ್ಲ. ನಮ್ಮ ಮಗೀನ ತೆಗೆದ್ಬುಡ್ತಾರೆ."

ನನಗೆ ಅಳು ಬಂತು. ಹೋಗಿ ಅವಳ ಪಕ್ಕ ನಿಂತು ನಾನೂ ಕೈ ಮುಗಿದೆ. ಮಾರನೆಯ ದಿನ ಆಫೀಸಿನಲ್ಲಿ ನಿಜ ಹೇಳಿದೆ. ಬೈಗುಳ ಸಿಕ್ಕಿತು, ಕೆಲಸ ಉಳಿಯಿತು.

ಆ ಭಾನುವಾರದ ಚಿತ್ರವನ್ನು ಇಟ್ಟುಕೊಂಡಿದ್ದೇನೆ. ಕಟ್ಟೆಯ ಪಕ್ಕದಲ್ಲಿ ಒಂದು ಮಾಸಲು ಚುಕ್ಕಿ. ನಾನು, ದೊಡ್ಡಮ್ಮ, ಅರವತ್ತು ಕುರಿ, ಎಲ್ಲ ಸೇರಿ ಒಂದೇ ಬಣ್ಣ.