ಹದಿನಾಲ್ಕು ವರ್ಷ ‘ಸರಿಯಾಗಿದೆ’ ಎಂದು ಬರೆದವನ ದೂರು

ಲಿಫ್ಟುಗಳ ಆರೋಗ್ಯವನ್ನು ಮುಂಚಿತವಾಗಿಯೇ ಹೇಳಬಲ್ಲ ಮಹಾಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ತಾವು ಎಲ್ಲಿ ವಾಸವಾಗಿದ್ದೀರಿ ಎಂಬುದು ನಮ್ಮ ಕಂಪನಿಯಲ್ಲಿ ಯಾರಿಗೂ ಖಚಿತವಾಗಿ ಗೊತ್ತಿಲ್ಲದ ಕಾರಣ, ಎಲ್ಲಿದ್ದರೂ ತಂಪಾದ ಕೋಣೆಯಲ್ಲಿ, ಧೂಳಿಲ್ಲದೆ, ಕರೆಂಟು ಹೋಗುವ ಭಯವಿಲ್ಲದೆ ಸುಖವಾಗಿರಿ ಎಂದು ಮೊದಲಿಗೆ ಹಾರೈಸುತ್ತೇನೆ. ನಾನು ಈ ಕಂಪನಿಯಲ್ಲಿ ಹದಿನಾಲ್ಕು ವರ್ಷಗಳಿಂದ ಲಿಫ್ಟ್ ಮೆಕ್ಯಾನಿಕ್. ನನ್ನ ಪಾಲಿಗೆ ನಲವತ್ತೆರಡು ಲಿಫ್ಟುಗಳಿವೆ. ತಿಂಗಳಿಗೊಮ್ಮೆ ಒಂದೊಂದರ ಬಳಿಗೂ ಹೋಗಿ, ಎಣ್ಣೆ ಬಿಟ್ಟು, ಮುಟ್ಟಿ ನೋಡಿ, ತಾರಸಿಯ ಮೇಲಿನ ಮಷಿನ್ ರೂಮಿನಲ್ಲಿ ನೇತುಹಾಕಿರುವ ಪುಸ್ತಕದಲ್ಲಿ ಒಂದು ಸಾಲು ಬರೆದು ಇಳಿಯುವುದು ಮೊನ್ನೆಮೊನ್ನೆಯವರೆಗೂ ನನ್ನ ಕೆಲಸವಾಗಿತ್ತು. ಸಹೋದ್ಯೋಗಿಗಳ ರಜಾ ಅರ್ಜಿಗಳನ್ನೆಲ್ಲ ನಾನೇ ಬರೆದುಕೊಡುವುದರಿಂದ ಪತ್ರ ಬರೆಯುವ ಕೈ ಸ್ವಲ್ಪ ಪಳಗಿದೆ. ಒಬ್ಬನೇ ಒಬ್ಬ ಮೆಕ್ಯಾನಿಕ್‌ನ ಅಜ್ಜಿಯನ್ನು ಆರು ಸಲ ಸಾಯಿಸಿದ ಕೈ ಇದು. ಆದರೆ ಇಂದಿನ ಪತ್ರದಲ್ಲಿ ಇರುವುದೆಲ್ಲ ನಿಜ, ಅದಕ್ಕೇ ಬರೆಯಲು ಮೂರು ದಿನ ಹಿಡಿಯಿತು.

ಕಳೆದ ತಿಂಗಳು ತಾವು ನಮ್ಮ ಇಪ್ಪತ್ತಾರು ಮೆಕ್ಯಾನಿಕ್‌ಗಳನ್ನು ಸಾಲಾಗಿ ನಿಲ್ಲಿಸಿ, ನನ್ನನ್ನು ಒಂದನೆಯ ಸ್ಥಾನದಲ್ಲಿ ಕೂರಿಸಿ, ಬಣ್ಣದ ಪ್ರಶಸ್ತಿಪತ್ರ ಕಳಿಸಿದ್ದಕ್ಕೆ ಕೃತಜ್ಞತೆ ಹೇಳದಿದ್ದರೆ ನನ್ನಂಥ ಒರಟ ಇನ್ನೊಬ್ಬನಿಲ್ಲ. ಮದುವೆಯಾದಾಗಿನಿಂದ ನನ್ನನ್ನು ಮೂಸಿಯೂ ನೋಡದ ನನ್ನ ಭಾವ, ಅದನ್ನು ಓದುವುದಕ್ಕೆಂದೇ ಮನೆಗೆ ಬಂದು ಕಾಫಿ ಕುಡಿದು ಹೋದರು. ನನ್ನ ಹೆಂಡತಿ ಮಾತ್ರ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಅಡುಗೆಮನೆ ನಲ್ಲಿ ಎರಡು ವರ್ಷದಿಂದ ಸೋರ್ತಿದೆ. ನಿಮಗೆ ಮೊದಲನೇ ಸ್ಥಾನ ಕೊಟ್ಟವರನ್ನ ಒಂದ್ಸಲ ಊಟಕ್ಕೆ ಕರೀರಿ, ನಾನೂ ನೋಡ್ಬೇಕು” ಎಂದಳು. ಈ ಆಹ್ವಾನವನ್ನು ತಮಗೆ ತಲುಪಿಸುವುದು ನನ್ನ ಕರ್ತವ್ಯ.

ನನ್ನ ದೂರು ಅದೇ ಪಟ್ಟಿಯ ಕೊನೆಯ ಸಾಲಿನ ಬಗ್ಗೆ. ಇಪ್ಪತ್ತಾರನೆಯ ಸ್ಥಾನದಲ್ಲಿ ತಾವು ಕೂರಿಸಿದವರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಮೆಕ್ಯಾನಿಕ್. ಪುಸ್ತಕದಲ್ಲಿ ಒಂದು ಸಾಲು ಬರೆಯಬೇಕಾದಲ್ಲಿ ಎರಡು ಪುಟ ಬರೆಯುತ್ತಾರೆಂದು ನಾವು ಅವರನ್ನು ಪುರಾಣದಣ್ಣ ಎನ್ನುತ್ತೇವೆ. ಅವರ ಲಿಫ್ಟುಗಳಲ್ಲೇ ಅತಿ ಹೆಚ್ಚು ದೋಷ, ಆದ್ದರಿಂದ ಅವರ ಕೆಲಸವೇ ಅತಿ ಕಳಪೆ ಎಂದು ತಾವು ಲೆಕ್ಕ ಹಾಕಿ ತೋರಿಸಿದ ಮೇಲೆ, ಈ ತಿಂಗಳ ಕೊನೆಯಿಂದ ಬರುವುದು ಬೇಡ ಎಂಬ ಕಾಗದ ಅವರ ಕೈಸೇರಿದೆ. ಅವರ ಮೂವತ್ತೆಂಟು ಲಿಫ್ಟುಗಳು ಮುಂದಿನ ತಿಂಗಳಿಂದ ನನಗೆ ಬಹುಮಾನವಂತೆ. ಐವತ್ತನಾಲ್ಕು ವರ್ಷ ವಯಸ್ಸಿನ, ಮಂಡಿ ಸವೆದ ಮೆಕ್ಯಾನಿಕ್‌ನನ್ನು ಇನ್ನೊಂದು ಕಂಪನಿ ಕರೆದು ಕೂರಿಸುವುದಿಲ್ಲ ಎಂಬುದು ತಮ್ಮ ಲೆಕ್ಕದಲ್ಲಿ ಬರುತ್ತದೋ ಇಲ್ಲವೋ ನನಗೆ ತಿಳಿಯದು.

ಆ ಕಾಗದವನ್ನು ಅವರು ಸ್ಟೋರ್‌ನಲ್ಲಿ ಸಾಮಾನಿನ ಪೆಟ್ಟಿಗೆಯ ಮೇಲೆ ಕೂತು ಎರಡು ಸಲ ಓದಿದರು. ಆಮೇಲೆ ನನ್ನನ್ನು ಕರೆದು, “ನನ್ನ ಲಿಫ್ಟಲ್ಲಿ ಯಾರಿಗಾದ್ರೂ ಏನಾದ್ರೂ ಆಗಿದೆಯೇನೋ?” ಎಂದು ಕೇಳಿದರು. ಮೂವತ್ತು ವರ್ಷದಲ್ಲಿ ಒಬ್ಬರ ಬೆರಳೂ ಬಾಗಿಲಿಗೆ ಸಿಕ್ಕಿಲ್ಲ, ಹಾಗಾಗಿ ಇಲ್ಲ ಅಣ್ಣ ಎಂದೆ. “ಮತ್ತೆ?” ಎಂದರು. ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಹೇಳುವ ಧೈರ್ಯ ಬರಲಿಲ್ಲ, ಕ್ಯಾಂಟೀನಿನ ಕಡೆಗೆ ನಡೆದುಬಿಟ್ಟೆ. ಆ ಉತ್ತರವನ್ನು ಈಗ ತಮಗೆ ಬರೆಯುತ್ತಿದ್ದೇನೆ.

ತಮಗೆ ನೆನಪಿರಬಹುದು, ತಾವು ಹುಟ್ಟುವ ಮೊದಲು ಮೂವರು ಸಂಶೋಧಕರು ನಮ್ಮಲ್ಲಿಗೆ ಬಂದು, ಹಳೆಯ ಪುಸ್ತಕಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿಸಿಕೊಂಡು ಹೋಗಿ, ಪುಟಪುಟವನ್ನೂ ಫೋಟೋ ತೆಗೆದು ತಮಗೆ ಉಣ್ಣಿಸಿದರು. ಬಹಳ ಒಳ್ಳೆಯ ಮಕ್ಕಳು. ಎಣ್ಣೆ ಮೆತ್ತಿದ ಪುಟವನ್ನೂ ಮೂಗು ಮುರಿಯದೆ ಬಿಡಿಸಿದರು. ಒಂದು ವರ್ಷದ ಮೇಲೆ ಅವರ ಪ್ರಬಂಧ ದೊಡ್ಡ ಸಮ್ಮೇಳನವೊಂದರಲ್ಲಿ ಮಂಡನೆಯಾಗಿ, ನನ್ನ ಲಿಫ್ಟುಗಳ ವಿಷಯದಲ್ಲಿ ತಾವು ಶೇಕಡ ತೊಂಬತ್ತೇಳರಷ್ಟು ನಿಖರ ಎಂದು ಸಾಬೀತಾಯಿತು. ನನಗೆ ಮೈ ಜುಮ್ಮೆಂದಿತು. ಯಾವುದರ ಜೊತೆ ತಾಳೆ ನೋಡಿ ತೊಂಬತ್ತೇಳು ಎಂದಿರಿ ಎಂದು ವಿಚಾರಿಸಿದರೆ, “ನಿಮ್ಮ ಪುಸ್ತಕದ ಜೊತೇನೇ ಸಾರ್” ಎಂದರು. ಎಂದರೆ, ಮಾನ್ಯರೇ, ತಾವು ಮುಂಚಿತವಾಗಿ ಹೇಳುತ್ತಿರುವುದು ಲಿಫ್ಟು ಏನು ಮಾಡುತ್ತದೆ ಎಂದಲ್ಲ, ನಾನು ಏನು ಬರೆಯುತ್ತೇನೆ ಎಂದು. ಈ ವಿದ್ಯೆ ನನ್ನ ಹೆಂಡತಿಗೆ ಮದುವೆಯಾದ ಎರಡನೇ ತಿಂಗಳಿಂದಲೂ ಬರುತ್ತದೆ, ಅವಳನ್ನು ಯಾವ ಸಮ್ಮೇಳನಕ್ಕೂ ಯಾರೂ ಕರೆದಿಲ್ಲ. ಉಳಿದ ಶೇಕಡ ಮೂರು ಏನೆಂದರೆ, ನಾನು ರಜೆ ಹಾಕಿದಾಗ ಪುರಾಣದಣ್ಣ ನನ್ನ ಬದಲಿಗೆ ಹೋಗಿ ಬರೆದ ಪುಟಗಳು. ಅವನ್ನು ಪ್ರಬಂಧದಲ್ಲಿ ‘ಗದ್ದಲ’, ಎಂದರೆ ಲೆಕ್ಕಕ್ಕಿಲ್ಲದ ಸದ್ದು, ಎಂದು ತಳ್ಳಿಹಾಕಲಾಗಿದೆಯಂತೆ.

ಇನ್ನು ನಾನು ಬರೆಯುತ್ತಿದ್ದದ್ದಾದರೂ ಏನು? ಒಂದೇ ಪದ. ‘ಸರಿಯಾಗಿದೆ’. ನಲವತ್ತೆರಡು ಲಿಫ್ಟು, ವರ್ಷಕ್ಕೆ ಹನ್ನೆರಡು ಸಲ, ಹದಿನಾಲ್ಕು ವರ್ಷ. ಗುಣಿಸುವ ಕೆಲಸ ತಮ್ಮದು. ಇದಕ್ಕೆ ಕಾರಣ ನಮ್ಮ ಆಫೀಸಿನ ಪದ್ಧತಿ. ದೋಷ ಇದೆ ಎಂದು ಬರೆದರೆ ಮೂರು ಪ್ರತಿ ಫಾರಂ ತುಂಬಬೇಕು, ಆಮೇಲೆ ಮ್ಯಾನೇಜರರ ಮುಂದೆ ನಿಂತು ಹೋದ ತಿಂಗಳು ಸರಿಯಿದ್ದದ್ದು ಈ ತಿಂಗಳು ಹೇಗೆ ಕೆಟ್ಟಿತು, ನೀವೇನು ಮಣ್ಣು ಹೊರುತ್ತಿದ್ದಿರಾ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಹಾಗಾಗಿ ನಾನು ಸವೆದ ಬಾಗಿಲ ಗಾಲಿಯನ್ನು ಚೀಲದಲ್ಲಿದ್ದ ಹಳೆಯ ಗಾಲಿಯಿಂದ ಬದಲಾಯಿಸಿ, ಕರಿಹಿಡಿದ ಸ್ವಿಚ್ಚನ್ನು ಉಜ್ಜಿ, ಬ್ರೇಕನ್ನು ಬಿಗಿಮಾಡಿ, ಬೆವರು ಒರೆಸಿಕೊಂಡು, ‘ಸರಿಯಾಗಿದೆ’ ಎಂದು ಬರೆದು ಇಳಿಯುತ್ತಿದ್ದೆ. ನಾನು ಸರಿಮಾಡಿದ ಮೇಲೆ ಅದು ಸರಿಯಾಗಿಯೇ ಇರುತ್ತಿತ್ತು, ಅಷ್ಟರ ಮಟ್ಟಿಗೆ ಸುಳ್ಳಲ್ಲ. ಮಳೆ ಬಂದ ದಿನ, ಮಂಡಿ ನೋಯುವ ದಿನ, ಕ್ರಿಕೆಟ್ ಇದ್ದ ದಿನ ಹತ್ತದೆ, ಮುಂದಿನ ತಿಂಗಳು ಎರಡಕ್ಕೂ ಸೇರಿಸಿ ಬರೆದದ್ದೂ ಉಂಟು. ದುಡಿದು ಬರೆದ ಸುಳ್ಳು ಯಾವುದು, ಮೈಗಳ್ಳತನದಿಂದ ಬರೆದ ಸುಳ್ಳು ಯಾವುದು ಎಂದು ಈಗ ನನಗೇ ಹೇಳಲು ಬರುವುದಿಲ್ಲ. ಎರಡರ ಅಕ್ಷರವೂ ಒಂದೇ ಥರ ದುಂಡಗಿದೆ.

ಪುರಾಣದಣ್ಣ ಹಾಗಲ್ಲ. ಅವರ ಪುಸ್ತಕದಲ್ಲಿ ‘ನಾಲ್ಕನೇ ಮಹಡಿಯಲ್ಲಿ ಲಿಫ್ಟು ಎರಡು ಬೆರಳು ಕೆಳಗೆ ನಿಲ್ಲುತ್ತಿತ್ತು, ಹೊಂದಿಸಿದೆ, ಇನ್ನೂ ಅರ್ಧ ಬೆರಳು ಉಳಿದಿದೆ, ವಯಸ್ಸಾದವರು ಎಡವಬಹುದು, ಗುರುವಾರ ಮತ್ತೆ ಬರುತ್ತೇನೆ’ ಎಂದು ಇರುತ್ತದೆ. ಗುರುವಾರದ ಪುಟ ತೆಗೆದರೆ ಅಲ್ಲಿ ಆ ಅರ್ಧ ಬೆರಳಿನ ಕತೆ ಮುಂದುವರಿದಿರುತ್ತದೆ. ಮ್ಯಾನೇಜರರು ಎಷ್ಟು ಬೈದರೂ ಅವರು ಮೂರು ಪ್ರತಿ ಫಾರಂ ತುಂಬುವುದನ್ನು ಬಿಡಲಿಲ್ಲ. ನನಗೆ ಈ ಕೆಲಸ ಕಲಿಸಿದವರೇ ಅವರು; ಮೊದಲ ದಿನ ನನ್ನ ಅಂಗೈಯನ್ನು ಮೋಟರಿನ ಮೇಲೆ ಇಡಿಸಿ, “ಮೊದಲು ಅದು ಏನು ಹೇಳುತ್ತೆ ಕೇಳು, ಆಮೇಲೆ ಬಿಚ್ಚು” ಎಂದಿದ್ದರು. ಬಿಚ್ಚುವುದು, ಕಟ್ಟುವುದು, ಕೇಳುವುದು ಎಲ್ಲವನ್ನೂ ಅವರಿಂದ ಕಲಿತೆ, ಬರೆಯುವುದೊಂದನ್ನು ಬಿಟ್ಟು. ಈಗ ಅವರು ಕೊನೆಯ ಸ್ಥಾನದಲ್ಲಿದ್ದಾರೆ, ನಾನು ಮೊದಲನೆಯದರಲ್ಲಿ. ನನಗೆ ಬಹಳ ನಾಚಿಕೆಯಾಗುತ್ತಿದೆ, ಮಾನ್ಯರೇ.

ನಾನು ಸುಮ್ಮನೆ ಕೂತವನಲ್ಲ ಎಂಬುದನ್ನೂ ತಮ್ಮ ಗಮನಕ್ಕೆ ತರಬೇಕು. ಈಗ ಪುಸ್ತಕ ಹೋಗಿ ಫೋನಿನಲ್ಲಿ ಒತ್ತುವ, ಯಾವ ಲಿಫ್ಟಿಗೆ ಯಾವಾಗ ಹೋಗಬೇಕೆಂದು ತಾವೇ ಹೇಳುವ ವ್ಯವಸ್ಥೆ ಬಂದಿದೆಯಲ್ಲ, ಹೋದ ವಾರ ಅದರಲ್ಲಿ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನಿಜ ಬರೆದೆ. ನಾವು ‘ಮುದುಕಿ’ ಎಂದು ಕರೆಯುವ ಲಿಫ್ಟೊಂದಿದೆ. ಕಣ್ಣಿನ ಡಾಕ್ಟರು, ವಕೀಲರು, ಹೊಲಿಗೆ ತರಗತಿ ಇರುವ ಆರು ಮಹಡಿಯ ಹಳೆಯ ಕಟ್ಟಡ. ತಮ್ಮ ಪಟ್ಟಿಯ ಪ್ರಕಾರ ಅದು ಊರಿನ ಅತ್ಯಂತ ಆರೋಗ್ಯವಂತ ಲಿಫ್ಟು, ಅದನ್ನು ನೋಡಲು ಇನ್ನು ಹನ್ನೊಂದು ತಿಂಗಳು ಯಾರೂ ಹೋಗಬೇಕಾಗಿಲ್ಲ. ನಿಜವಾಗಿ ಅದರಷ್ಟು ರೋಗಿಷ್ಟ ಲಿಫ್ಟನ್ನು ನಾನು ಕಂಡಿಲ್ಲ. ರಜೆಯ ದಿನ ನಾನಾಗಿಯೇ ಹೋಗಿ ಬಿಗಿಮಾಡಿ ಬರುತ್ತಿದ್ದೇನೆ. ಬಾಗಿಲ ಗಾಲಿ ಸವೆದಿದೆ ಎಂದು ಒತ್ತಿದೆ. ತಾವು ಒಂದು ಕ್ಷಣ ಯೋಚಿಸಿ, ‘ಇದು ನಿಮ್ಮ ಹಿಂದಿನ ದಾಖಲೆಗೆ ಹೊಂದುವುದಿಲ್ಲ, ಬೆರಳು ತಪ್ಪಿರಬಹುದು’ ಎಂದು ಸೌಜನ್ಯದಿಂದ ತಿಳಿಸಿ, ತಾವೇ ‘ಸರಿಯಾಗಿದೆ’ ಎಂದು ತಿದ್ದಿದಿರಿ. ಮತ್ತೆ ಒತ್ತಿದೆ, ಮತ್ತೆ ತಿದ್ದಿದಿರಿ. ನನ್ನ ಮೇಲೆ ಇಷ್ಟು ನಂಬಿಕೆಯನ್ನು ನಮ್ಮಪ್ಪನೂ ಇಟ್ಟಿರಲಿಲ್ಲ.

ಅತ್ತ ಪುರಾಣದಣ್ಣನ ಪಾಲಿನ, ಹೊಸದಾಗಿ ಹಾಕಿದ ಲಿಫ್ಟೊಂದರ ಬಳಿಗೆ ತಾವು ನಾಲ್ಕು ದಿನಕ್ಕೊಮ್ಮೆ ಅವರನ್ನು ಓಡಿಸುತ್ತಿದ್ದಿರಿ. ಅಷ್ಟು ಸಲ ಹೋದರೆ ಅದರಲ್ಲಿ ಕೆಡುವುದಾದರೂ ಏನು ಉಳಿದೀತು. ಅದೇ ವಾರ ಆ ಮನುಷ್ಯ ಇದ್ದದ್ದನ್ನು ಇದ್ದ ಹಾಗೆ, ಈ ದಿನ ದೋಷವೇನೂ ಇಲ್ಲ ಎಂದು ಒತ್ತಿದರು. ‘ಇದು ನಿಮ್ಮ ಹಿಂದಿನ ದಾಖಲೆಗೆ ಹೊಂದುವುದಿಲ್ಲ, ದೋಷ ಮುಚ್ಚಿಟ್ಟಿರುವ ಸಾಧ್ಯತೆ ಇದೆ’ ಎಂದು ತಾವು ಕೆಂಪು ಗುರುತು ಹಾಕಿದಿರಿ. ಮೂವತ್ತು ವರ್ಷ ಒಂದು ಅರ್ಧ ಬೆರಳನ್ನೂ ಮುಚ್ಚಿಡದವರಿಗೆ ಇದನ್ನು ಹೇಳಲು ಮನುಷ್ಯರಾಗಿದ್ದರೆ ನಾಲಗೆ ಏಳುತ್ತಿರಲಿಲ್ಲ. ಒಟ್ಟಿನಲ್ಲಿ ಈಗಿರುವ ಏರ್ಪಾಡು ಇಷ್ಟು: ಎಲ್ಲ ಸರಿಯಿದೆ ಎಂದು ನಾನು ಹೇಳಿದರೆ ಮಾತ್ರ ನಂಬುತ್ತೀರಿ, ಕೆಟ್ಟಿದೆ ಎಂದು ಅವರು ಹೇಳಿದರೆ ಮಾತ್ರ ನಂಬುತ್ತೀರಿ.

ಇದನ್ನೆಲ್ಲ ಮ್ಯಾನೇಜರರ ಮುಂದೆ ಬಾಯಿಬಿಟ್ಟು ಹೇಳಿಯೂ ನೋಡಿದೆ. ಅವರು ಪರದೆಯಿಂದ ಕಣ್ಣು ತೆಗೆಯದೆ, “ಯಂತ್ರವೇ ನಿಮ್ಮನ್ನ ಒಳ್ಳೆಯವರು ಅಂದಿದೆ, ನೀವ್ಯಾಕ್ರೀ ತಲೆ ಕೆಡಿಸ್ಕೊಳ್ತೀರ” ಎಂದರು. ತಮ್ಮನ್ನು ಇನ್ನೂ ಹನ್ನೊಂದು ಲಿಫ್ಟ್ ಕಂಪನಿಗಳಿಗೆ ಮಾರಲು ಮಾತುಕತೆ ನಡೆದಿದೆ ಎಂದೂ ಸಂತೋಷದಿಂದ ತಿಳಿಸಿದರು. ಹಾಗಾದರೆ ನಾನು ಕಣ್ಣಾರೆ ಕಾಣದ ಊರುಗಳ, ನಾನು ಹತ್ತದ ಲಿಫ್ಟುಗಳಲ್ಲೂ ಇನ್ನು ಮುಂದೆ ನನ್ನ ‘ಸರಿಯಾಗಿದೆ’ ಓಡಾಡಲಿದೆ. ಆ ಊರಿನವರು ಬಾಗಿಲು ತೆರೆದ ಕೂಡಲೇ ಒಮ್ಮೆ ಬಗ್ಗಿ ನೋಡಿ ಕಾಲಿಡುವುದು ಒಳ್ಳೆಯದು.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ತಾವು ಒಮ್ಮೆ ಬಿಡುವು ಮಾಡಿಕೊಂಡು ನನ್ನ ಜೊತೆ ಮುದುಕಿಯ ತಾರಸಿ ಹತ್ತಬೇಕು. ಬಿಸಿಲಿಗೆ ಕಾದ ಕಬ್ಬಿಣದ ಏಣಿಯಿದೆ, ಚಪ್ಪಲಿ ಹಾಕಿಕೊಂಡು ಬನ್ನಿ. ಮೋಟರಿನ ಮೇಲೆ ಅಂಗೈ ಇಟ್ಟು ಅದು ಏನು ಹೇಳುತ್ತದೆಂದು ಕೇಳಬೇಕು. ಅಂಗೈ ಇಲ್ಲದಿದ್ದರೆ ಸಾಲ ಕೊಡುತ್ತೇನೆ. ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡ ಹೊಲಿಗೆ ಟೀಚರಮ್ಮನಿಗೆ ಬಾಗಿಲ ಸಂದಿಯಿಂದ ಇಪ್ಪತ್ತು ನಿಮಿಷ ಸಮಾಧಾನ ಹೇಳಬೇಕು, ಅವರು ಬೈಯುವುದನ್ನು ಪೂರ್ತಿ ಕೇಳಿಸಿಕೊಳ್ಳಬೇಕು. ಇದು ಯಾವುದೂ ಆಗದಿದ್ದರೆ ಒಂದೇ ಒಂದು ಮಾಡಿ: ನನ್ನನ್ನು ಇಪ್ಪತ್ತಾರನೆಯ ಸ್ಥಾನಕ್ಕೆ ಇಳಿಸಿ, ಪುರಾಣದಣ್ಣನಿಗೆ ಕೊಟ್ಟ ಕಾಗದವನ್ನು ವಾಪಸು ಪಡೆಯಿರಿ. ಅದರ ಬದಲು ನನಗೊಂದು ಕಾಗದ ಕೊಡಬೇಕೆಂದಿದ್ದರೆ ಕೊಡಿ, ಸಹಿ ಹಾಕಿ ತೆಗೆದುಕೊಳ್ಳುತ್ತೇನೆ. ಹೆಂಡತಿಗೂ ಹೇಳಿದ್ದೇನೆ. ಅವಳು ನಲ್ಲಿಯ ಕೆಳಗಿನ ತುಂಬಿದ ಪಾತ್ರೆ ತೆಗೆದು ಬೇರೆಯದನ್ನಿಟ್ಟು, “ಹಂಗಾದ್ರೆ ನಲ್ಲಿ ರಿಪೇರಿಗೆ ಟೈಮ್ ಸಿಗುತ್ತೆ ಬಿಡಿ” ಎಂದಳು.

ಫೋನಿನಲ್ಲಿ ಬರೆದರೆ ತಾವು ತಿದ್ದಿಬಿಡುತ್ತೀರಿ ಎಂದು ಇದನ್ನು ಕಾಗದದ ಮೇಲೆ ಬರೆದು, ನನ್ನ ನಲವತ್ತೊಂದು ಲಿಫ್ಟುಗಳೊಳಗೆ ಕನ್ನಡಿಯ ಪಕ್ಕ ಅಂಟಿಸಿದ್ದೇನೆ. ಲಿಫ್ಟಿನಲ್ಲಿ ನಿಂತವರಿಗೆ ಬೇರೆ ಕೆಲಸವಿಲ್ಲ, ಗೋಡೆಯ ಮೇಲಿರುವುದನ್ನೆಲ್ಲ ಓದುತ್ತಾರೆ.

ತಮ್ಮ ನಂಬಿಕೆಗೆ ಎಳ್ಳಷ್ಟೂ ಅರ್ಹನಲ್ಲದ,
ಆದರೂ ತಮ್ಮ ವಿಶ್ವಾಸಿಯೇ ಆದ,
ಒಂದನೆಯ ಸ್ಥಾನದ ಮೆಕ್ಯಾನಿಕ್

ತಾ.ಕ.: ನಲವತ್ತೆರಡನೆಯ ಲಿಫ್ಟು ನಮ್ಮ ಕಂಪನಿಯ ಹೆಡ್ ಆಫೀಸಿನದು, ಮಾಲೀಕರು ಎಂಟನೇ ಮಹಡಿಗೆ ಹೋಗುವಂಥದ್ದು. ಮೊನ್ನೆ ನೋಡಿದರೆ ಅದರ ಬ್ರೇಕು ಇನ್ನು ಬಿಗಿಮಾಡಿ ಪ್ರಯೋಜನವಿಲ್ಲದಷ್ಟು ಸವೆದಿದೆ, ಹೊಸದನ್ನೇ ಹಾಕಬೇಕು. ಮೂರು ಸಲ ಒತ್ತಿದೆ, ಮೂರು ಸಲವೂ ತಾವು ‘ಸರಿಯಾಗಿದೆ’ ಎಂದಿರಿ, ತಮ್ಮ ಒಪ್ಪಿಗೆಯಿಲ್ಲದೆ ಸ್ಟೋರ್‌ನವರು ಒಂದು ನಟ್ಟನ್ನೂ ಕೊಡುವುದಿಲ್ಲ. ಆದ್ದರಿಂದ ಇಂದು ಬೆಳಗ್ಗೆ ಅದರ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿದ್ದೇನೆ. ಮಾಲೀಕರು ಮೆಟ್ಟಿಲು ಹತ್ತುವಾಗ ದಮ್ಮು ಆರಿಸಿಕೊಳ್ಳಲು ನಿಲ್ಲುವುದು ಮೂರನೇ ಮಹಡಿಯ ತಿರುವಿನಲ್ಲಿ ಎಂದು ನನ್ನ ಅಂದಾಜು, ಈ ಪತ್ರದ ಒಂದು ಪ್ರತಿ ಅಲ್ಲಿಯೂ ಇದೆ. ಬ್ರೇಕು ಕೆಟ್ಟಿದೆ ಎಂದು ತಮ್ಮನ್ನು ನಂಬಿಸಬಲ್ಲವರು ಈ ಕಂಪನಿಯಲ್ಲಿ ಒಬ್ಬರೇ ಒಬ್ಬರು, ಅವರಿಗೆ ಇನ್ನು ಒಂಬತ್ತು ದಿನ ಮಾತ್ರ ಕೆಲಸವಿದೆ.